ಹಳೇ ಪ್ಲೇಟನ್ನು ಮೊದಲು ನೋಡಬೇಕು

ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಗಾಡಿಯಲ್ಲಿ ಕ್ಲಚ್ಚಿಗೆ ಕಷ್ಟ ಜಾಸ್ತಿ. ಎರಡೇ ಚಕ್ರ ಎಳೆಯುವ ಗಾಡಿಯಲ್ಲಿ ಒರಟಾಗಿ ಪೆಡಲ್ ಬಿಟ್ಟರೆ ಟೈರು ನಿಂತಲ್ಲೇ ಗಿರ್ರನೆ ತಿರುಗಿ ಆ ಏಟನ್ನು ಕಳೆದುಬಿಡುತ್ತದೆ. ನಾಲ್ಕೂ ನೆಲ ಕಚ್ಚಿದಾಗ ಆ ಅವಕಾಶ ಇಲ್ಲ. ಎಲ್ಲೋ ಒಂದು ಕಡೆ ಜಾರಲೇಬೇಕು, ಜಾರುವುದು ಕ್ಲಚ್ ಪ್ಲೇಟು. ಆಡಿ ಕಂಪನಿ 1980ರಲ್ಲಿ ನಾಲ್ಕೂ ಚಕ್ರ ಎಳೆಯುವ ಕ್ವಾಟ್ರೊ ಕಾರು ತಂದ ಮೇಲೆ ಮುಂಚೂಣಿಯ ರ್‍ಯಾಲಿ ಕಾರುಗಳೆಲ್ಲ ಇದೇ ದಾರಿ ಹಿಡಿದವು. ಸುಬಾರು ಇಂಪ್ರೆಜಾ, ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್ ಓಡಿಸುವವರೂ ಕ್ಲಚ್ ಬಗ್ಗೆ ಇದೇ ಮಾತು ಹೇಳುತ್ತಾರೆ.

ನಮ್ಮ ಸೀಮೆಯಲ್ಲಿ ಅಂಥ ಕಾರು ಎಲ್ಲಿ ಬರಬೇಕು? ನಮಗೆ ದಕ್ಕಿದ್ದು ಮಾರುತಿ ಜಿಪ್ಸಿ. 1985ರಲ್ಲಿ 970 ಸಿಸಿ ಎಂಜಿನ್ನಿನಲ್ಲಿ ಬಂದದ್ದು, 1996ರಲ್ಲಿ 1.3 ಲೀಟರಿನ ಕಿಂಗ್ ಆಯಿತು, ಆಮೇಲೆ ಎಂಪಿಎಫ್ಐ ಇಂಧನ ವ್ಯವಸ್ಥೆ ಬಂದು 80 ಅಶ್ವಶಕ್ತಿ ಮುಟ್ಟಿತು. ಹಗುರ ಮೈ, ಗಟ್ಟಿ ಚಾಸಿ. ರೇಡ್ ಡಿ ಹಿಮಾಲಯದಂಥ ಕಠಿಣ ರ್‍ಯಾಲಿಗಳಲ್ಲಿ ಈ ಗಾಡಿ ಗಳಿಸಿದ ಹೆಸರು ದೊಡ್ಡದು. ಭಾರತದಲ್ಲಿ ಬಡವರ ರ್‍ಯಾಲಿ ಕಾರು ಅಂತ ಯಾವುದನ್ನಾದರೂ ಕರೆಯುವುದಾದರೆ ಇದನ್ನೇ ಎಂದು ನಾನು ನಂಬಿದ್ದೇನೆ.

ನಮ್ಮದು ಕೊಡಿಕೊಂಡ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಕಾಲಿಟ್ಟರೆ ಸಿಗುವ ಚೆಕ್‌ಪೋಸ್ಟ್ ಊರು. ಮನೆ ಮಾತು ಕನ್ನಡ, ಅಂಗಡಿ ಮಾತು ತೆಲುಗು. ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ಬಂಡೆ, ಕೆಂಪು ಮಣ್ಣಿನ ದಿಬ್ಬ, ಬೇಸಿಗೆಯಲ್ಲಿ ಚಿತ್ರಾವತಿಯ ಒಣ ಮರಳು. ಹಿಪ್ಪುನೇರಳೆ ತೋಟಕ್ಕೂ ಹಿಂದೂಪುರದ ರೇಷ್ಮೆಗೂಡು ಮಾರುಕಟ್ಟೆಗೂ ಓಡಾಡಲು ಒಂದು ಹಳೇ ಜಿಪ್ಸಿ ಕೊಂಡೆ. ಸ್ವಲ್ಪ ದಿನಕ್ಕೇ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗದು ಎನ್ನುವ ಸ್ಥಿತಿ ಬಂತು.

ಇಂಥ ಹೊತ್ತಲ್ಲಿ ಗೇರ್‌ಬಾಕ್ಸ್ ಇಳಿಸುವ ಮೊದಲು ಕೇಬಲ್ ನೋಡಬೇಕು. ಜಿಪ್ಸಿಯ ಕ್ಲಚ್ ಕೇಬಲ್ಲಿನದು. ಕೇಬಲ್ ಬಿಗಿಯಾಗಿ ಪೆಡಲ್ಲಿಗೆ ಆಟವೇ ಇಲ್ಲದಿದ್ದರೆ ಹೊಸ ಪ್ಲೇಟೂ ಜಾರುತ್ತದೆ. ನಮ್ಮ ಗಾಡಿಯಲ್ಲಿ ಆಟ ಸರಿಯಾಗಿತ್ತು, ಆದ್ದರಿಂದ ಬಿಚ್ಚುವುದೇ ಎಂದಾಯಿತು. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು ಎಲ್ಲವನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಟ್ಟಿಗೇ ತಂದೆ. ಬೇರಿಂಗಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಅದೊಂದು ಹೋದರೂ ಇಷ್ಟನ್ನೂ ಮತ್ತೆ ಇಳಿಸಬೇಕು.

ಜಿಪ್ಸಿಯ ಒಂದು ಉಪಕಾರವೆಂದರೆ, ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಹೈ–ಲೋ ರೇಂಜ್ ಬದಲಿಸುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟು ಇದೆ. ಅದನ್ನು ಕಳಚಿದರೆ ಟ್ರಾನ್ಸ್‌ಫರ್ ಕೇಸ್ ಅಲ್ಲೇ ಇರುತ್ತದೆ, ಗೇರ್‌ಬಾಕ್ಸ್ ಮಾತ್ರ ಇಳಿಯುತ್ತದೆ. ಎರಡೂ ಒಂದೇ ಗಂಟಾಗಿರುವ ಕಾರುಗಳಲ್ಲಿ ಮನೆಯಲ್ಲಿ ಮಾಡುವವನ ಸೊಂಟ ಮುರಿಯುವುದು ಆ ಭಾರಕ್ಕೇ. ಬ್ಯಾಟರಿ ವೈರು, ಸ್ಟಾರ್ಟರ್, ಕೇಬಲ್ಲು, ಒಳಗಿನ ಗೇರ್ ಲಿವರ್ ತೆಗೆದು, ಎಣ್ಣೆ ಇಳಿಸಿ, ಶಾಫ್ಟಿನ ಫ್ಲ್ಯಾಂಜುಗಳು ಕೂಡುವ ಜಾಗಕ್ಕೆ ಪೇಂಟಿನಲ್ಲಿ ಗೆರೆ ಎಳೆದುಕೊಂಡೆವು. ಗೆರೆಗೆ ಗೆರೆ ಸೇರಿಸಿ ಕೂಡಿಸಿದರೆ ಆಮೇಲೆ ಅದುರು ಬರುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಗೇರಿನಲ್ಲಿ ನಿಲ್ಲಿಸಿದ್ದೇನೆ, ಗಾಡಿ ಉರುಳದು ಎಂಬ ಧೈರ್ಯ ಆ ಶಾಫ್ಟು ಕಳಚಿದ ಕ್ಷಣಕ್ಕೇ ಮುಗಿಯಿತು. ಚಕ್ರಕ್ಕೂ ಎಂಜಿನ್ನಿಗೂ ನಂಟೇ ಇರುವುದಿಲ್ಲ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್ಲಿನಲ್ಲಿದ್ದರೂ ಅದೇ ಕಥೆ. ಸಮತಟ್ಟು ನೆಲ, ಚಕ್ರದ ಎರಡೂ ಬದಿ ಅಡ್ಡಗಟ್ಟೆ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು. ಹಾಲೋ ಬ್ಲಾಕ್ ಬೇಡವೇ ಬೇಡ, ಅದು ಸೂಚನೆ ಕೊಡದೆ ಪುಡಿಯಾಗುತ್ತದೆ.

ಪ್ರೆಷರ್ ಪ್ಲೇಟ್ ಬಿಚ್ಚಿ ಹೊಸದನ್ನು ಕೈಗೆತ್ತಿಕೊಂಡಾಗ ಸಹಾಯಕ್ಕೆ ಬಂದಿದ್ದ ಚೆಕ್‌ಪೋಸ್ಟಿನ ಹಿರಿಯ ಲಾರಿ ಮೆಕ್ಯಾನಿಕ್ ತಡೆದರು. “ಇರಪ್ಪಾ, ಹಳೇದು ಎಲ್ಲಿ? ಮೊದಲು ಅದನ್ನ ನೋಡು.” ಆ ಮಾತಿನಿಂದ ನಾನು ಕಲಿತದ್ದು ಇಡೀ ಕೆಲಸದಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಲೈನಿಂಗ್ ರಿವೆಟ್ಟಿನವರೆಗೆ ಸಮನಾಗಿ ಸವೆದಿದ್ದರೆ ಅದು ವಯಸ್ಸು. ಎಣ್ಣೆ ಹತ್ತಿದ್ದರೆ ಹೊಸ ಪ್ಲೇಟ್ ಹಾಕುವ ಮೊದಲು ಸೀಲ್ ಬದಲಿಸಬೇಕು. ಗೇರ್ ಎಣ್ಣೆಗೆ ಗಂಧಕದ ಘಾಟು ಇರುತ್ತದೆ, ಎಂಜಿನ್ ಎಣ್ಣೆಗೆ ಇಲ್ಲ, ಹಾಗಾಗಿ ಯಾವ ಸೀಲೆಂದು ಮೂಗೇ ಹೇಳುತ್ತದೆ. ನಮ್ಮ ಪ್ಲೇಟಿನಲ್ಲಿ ದಪ್ಪ ಇನ್ನೂ ಉಳಿದಿತ್ತು, ಆದರೆ ಮೈಯೆಲ್ಲ ಕಪ್ಪಗೆ ಸುಟ್ಟು ಗಾಜಿನಂತೆ ಹೊಳೆಯುತ್ತಿತ್ತು. ಫ್ಲೈವೀಲಿನ ಮೇಲೆ ನೀಲಿ ಮಚ್ಚೆಗಳು. ಸವೆದು ಹೋದದ್ದಲ್ಲ, ಕಾದು ಹೋದದ್ದು. ಭಾರ ಹೇರಿ, ಏರಿನಲ್ಲಿ, ಹೈ ರೇಂಜಿನಲ್ಲೇ ಅರ್ಧ ಕ್ಲಚ್ ಒತ್ತಿ ಓಡಿಸಿದ ಗುರುತು ಅದು.

ಆ ಮಚ್ಚೆ ಬಿಟ್ಟು ಹೊಸ ಪ್ಲೇಟ್ ಕೂರಿಸಿದ್ದರೆ ಗಾಡಿ ಹೊರಡುವಾಗಲೆಲ್ಲ ನಡುಗುತ್ತಿತ್ತು. ಹಿಂದೂಪುರದ ಲೇತ್ ಅಂಗಡಿಯಲ್ಲಿ ಫ್ಲೈವೀಲಿಗೆ ಫೇಸಿಂಗ್ ಹೊಡೆಸಿದೆವು. ಹೌಸಿಂಗಿನ ಧೂಳನ್ನು ಗಾಳಿಯಲ್ಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆವು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋಗಬಾರದು. ಸ್ಪ್ಲೈನಿಗೆ ಗ್ರೀಸು ತೆಳ್ಳಗೆ ಸವರಿದರೆ ಸಾಕು, ಹೆಚ್ಚಾದದ್ದು ಸಿಡಿದು ಲೈನಿಂಗಿಗೆ ಹತ್ತುತ್ತದೆ. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸಿನ ಕಡೆಗೆ. ಡಮ್ಮಿ ಶಾಫ್ಟ್ ಇಟ್ಟು ನಡುವಿಗೆ ಹೊಂದಿಸಿ, ಬೋಲ್ಟುಗಳನ್ನು ಎದುರುಬದುರಾಗಿ, ಸುತ್ತು ಸುತ್ತಾಗಿ ಬಿಗಿಯಬೇಕು. ಗೇರ್‌ಬಾಕ್ಸ್ ಒಳಗೆ ಹೋಗದಿದ್ದರೆ ಬೋಲ್ಟಿನಿಂದ ಎಳೆಯಬಾರದು, ಅದರ ತೂಕವನ್ನು ಪ್ಲೇಟಿನ ಮೇಲೆ ನೇತುಬಿಡಲೂಬಾರದು. ಕೋನ ಸರಿಯಾದರೆ ಕೈಬಲಕ್ಕೇ ಹೋಗಿ ಕೂರುತ್ತದೆ.

ಮೊದಲ 500 ಕಿಲೋಮೀಟರ್ ಭಾರ ಹೇರದೆ ಓಡಿಸಿದೆ. ಈಗ ತೋಟದ ದಿಬ್ಬ ಏರುವಾಗ ಗಾಡಿ ನಿಲ್ಲಿಸಿ ಲೋ ರೇಂಜಿಗೆ ಹಾಕುತ್ತೇನೆ. ಚಕ್ರ ನಿಧಾನ ತಿರುಗುವುದರಿಂದ ಪೆಡಲ್ಲನ್ನು ತಕ್ಷಣ ಪೂರ್ತಿ ಬಿಡಬಹುದು, ಪ್ಲೇಟು ಉಜ್ಜುವುದು ಒಂದು ಕ್ಷಣ ಮಾತ್ರ. ಡಾಂಬರಿಗೆ ಬಂದೊಡನೆ ಎರಡು ಚಕ್ರಕ್ಕೆ ತರುತ್ತೇನೆ. ಜಿಪ್ಸಿಯಲ್ಲಿ ಕ್ವಾಟ್ರೊದಂತೆ ನಡುವಿನ ಡಿಫರೆನ್ಶಿಯಲ್ ಇಲ್ಲ, ತಿರುವಿನಲ್ಲಿ ಶಾಫ್ಟುಗಳು ಒಂದನ್ನೊಂದು ಹಿಂಡುತ್ತವೆ. ಹೊಸ ಲೈನಿಂಗ್ ಕೂತು ಹೊಂದಿಕೊಂಡಂತೆ ಪೆಡಲ್ಲಿನ ಆಟ ಕಡಿಮೆಯಾಗುತ್ತದೆ, ಆದ್ದರಿಂದ ಆ 500 ಕಿಲೋಮೀಟರ್ ಮುಗಿದಾಗ ಕೇಬಲ್ಲಿನ ನಟ್ಟನ್ನು ಇನ್ನೊಮ್ಮೆ ಹೊಂದಿಸಿಕೊಳ್ಳಿ.