ಒಂದೇ ಎಂಜಿನ್, ಎರಡು ಬೆಲೆ

ಭಾಲ್ಕಿಯ ಯಾವುದೇ ಹಳೆ ಗಾಡಿ ವ್ಯಾಪಾರಿಯ ಮುಂದೆ ಒಂದೇ ವರ್ಷದ ಎರಡು ಡೀಸೆಲ್ ಕಾರು ನಿಲ್ಲಿಸಿ ನೋಡಿ. ಒಂದು ಮಾರುತಿ ಸ್ವಿಫ್ಟ್, ಇನ್ನೊಂದು ಫಿಯಟ್ ಪುಂಟೊ. ಎರಡರ ಬಾನೆಟ್ ಎತ್ತಿದರೂ ಒಳಗೆ ಕಾಣುವುದು ಇಟಲಿಯ ಫಿಯಟ್‌ನವರು ರೂಪಿಸಿದ ಅದೇ 1248 ಸಿಸಿ ಮಲ್ಟಿಜೆಟ್ ಎಂಜಿನ್. ಪುಂಟೊದ ಬಾಗಿಲು ಭಾರ, ತಗಡು ಗಟ್ಟಿ, ಹೆದ್ದಾರಿಯಲ್ಲಿ ನೆಲ ಹಿಡಿದು ಓಡುವ ಗುಣವೂ ಅದರದೇ ಹೆಚ್ಚು. ಆದರೂ ಅದಕ್ಕೆ ಕೇಳುವ ಬೆಲೆ ಸ್ವಿಫ್ಟಿನ ಹತ್ತಿರಕ್ಕೂ ಬರುವುದಿಲ್ಲ. ಯಾಕೆ ಎಂದು ಅಲ್ಲಿನ ವ್ಯಾಪಾರಿಯೊಬ್ಬರನ್ನು ಕೇಳಿದ್ದೆ. ‘ಎಂಜಿನ್ ನಮ್ಮ ಹುಡುಗುರು ಕಣ್ಣು ಮುಚ್ಚಿ ಬಿಚ್ತಾರ್ರಿ ಕಾಕಾ. ಆದ್ರ ಹೆಡ್‌ಲೈಟ್ ಒಡೆದ್ರ ಎಲ್ಲಿಂದ ತರ್ಲಿ?’ ಎಂದರು.

ಹಳೆ ಕಾರಿನ ಬೆಲೆಯ ಬಗ್ಗೆ ಇಷ್ಟು ಖಚಿತವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಗಾಡಿ ಎಷ್ಟು ಒಳ್ಳೆಯದು ಎಂಬುದು ಓಡಿಸುವವನ ಪ್ರಶ್ನೆ. ಅದನ್ನು ಮುಂದೆ ಯಾರು ಕೊಳ್ಳುತ್ತಾರೆ, ಅವರ ಊರಲ್ಲಿ ರಿಪೇರಿ ಆಗುತ್ತದೆಯೇ, ಅವರ ಹೆಸರಿಗೆ ಆರ್‌ಸಿ ಸಲೀಸಾಗಿ ಹೋಗುತ್ತದೆಯೇ ಎಂಬುದು ರೊಕ್ಕದ ಪ್ರಶ್ನೆ. ನಮ್ಮ ಬೀದರ್‌ನಂಥ ಗಡಿ ಜಿಲ್ಲೆಯಲ್ಲಿ ಈ ಎರಡನೆಯದರದೇ ಮೇಲುಗೈ.

ಇಟಲಿಯ ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಮನಸ್ಸಿಗೆ ಬರುವುದು ಫೆರಾರಿ, ಲ್ಯಾಂಬೋರ್ಗಿನಿ. ಬೀದರ್, ಭಾಲ್ಕಿ, ಔರಾದ್ ರಸ್ತೆಗಳಲ್ಲಿ ನಮ್ಮ ಕೈಗೆಟುಕುವ ಇಟಲಿಯ ವೇಗ ಮಾತ್ರ ಫಿಯಟ್ ಅಬಾರ್ತ್ ಪುಂಟೊ. 2015ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ ಅದರ ದೆಹಲಿ ಷೋರೂಮ್ ಬೆಲೆ 9.95 ಲಕ್ಷ ರೂಪಾಯಿ. 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮೂತಿಯ ಮೇಲೆ ಚೇಳಿನ ಗುರುತು. ಆ ಚೇಳು 1949ರಲ್ಲಿ ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ಅವರ ಜನ್ಮರಾಶಿ ವೃಶ್ಚಿಕದ್ದು. 1971ರಲ್ಲಿ ಫಿಯಟ್ ಆ ಕಂಪನಿಯನ್ನು ಕೊಂಡಿತು. ಭಾರತದಲ್ಲಿ ಹತ್ತು ಲಕ್ಷದೊಳಗಿನ ಸಣ್ಣ ಕಾರಿನಲ್ಲಿ ಇಷ್ಟು ಶಕ್ತಿ ಆಗ ಇನ್ಯಾರೂ ಕೊಡುತ್ತಿರಲಿಲ್ಲ. ಆದರೆ 2019ರಲ್ಲಿ ಫಿಯಟ್ ಇಲ್ಲಿನ ಮಾರಾಟವನ್ನೇ ನಿಲ್ಲಿಸಿತು. ಗಾಡಿಗಳು ರಸ್ತೆಯಲ್ಲಿ ಉಳಿದವು, ಕಂಪನಿಯ ಫಲಕ ಹೋಯಿತು.

ಅಂಥದ್ದೊಂದನ್ನು ನಾನು ಹೈದರಾಬಾದಿನಲ್ಲಿ ಕೊಂಡೆ. ಮಾಲೀಕರು ವಿದೇಶಕ್ಕೆ ಹೊರಟಿದ್ದರು, ಗಾಡಿ ಸಿಂಗಲ್ ಓನರ್, ಸರ್ವಿಸ್ ಬಿಲ್ಲುಗಳೆಲ್ಲ ಫೈಲಿನಲ್ಲಿ ಇದ್ದವು. ನಾಲ್ಕು ಲಕ್ಷಕ್ಕೆ ಮಾತು ಮುಗಿಯಿತು. ಬಯಾನಾ ಕೊಡುವ ಮೊದಲೇ ನಾನು ಕಾಗದದ ಮೇಲೆ ಬರೆದುಕೊಂಡದ್ದು ಆ ನಾಲ್ಕು ಲಕ್ಷವನ್ನಲ್ಲ, ಅದರ ಕೆಳಗಿನ ಸಾಲುಗಳನ್ನು. ತೆಲಂಗಾಣದ ನಂಬರ್ ಪ್ಲೇಟ್ ತೆಗೆದು ಕೆಎ–38 ಹಾಕಿಸುವ ಖರ್ಚು, ಟೈರು, ಟೈಮಿಂಗ್ ಬೆಲ್ಟ್, ವಿಮೆ.

ಇದರಲ್ಲಿ ದೊಡ್ಡ ಸಾಲು ತೆರಿಗೆಯದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಆಜೀವ ತೆರಿಗೆ ಬೆಲೆಯ ಮೇಲೆ ಏರುತ್ತ ಹೋಗುತ್ತದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18, ಇದರ ಮೇಲೆ ಸೆಸ್ ಬೇರೆ. ಹೊರರಾಜ್ಯದ ಹಳೆ ಗಾಡಿಗೆ ವಯಸ್ಸಿಗೆ ತಕ್ಕ ರಿಯಾಯಿತಿ ಉಂಟು. ಆದರೆ ಲೆಕ್ಕ ಹಿಡಿಯುವುದು ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ, ನೀವು ಕೊಟ್ಟ ರೊಕ್ಕದ ಮೇಲೆ ಅಲ್ಲ. ನಾಲ್ಕು ಲಕ್ಷದ ಗಾಡಿಗೆ ನಾನು ಕಟ್ಟಿದ್ದು ಲಕ್ಷದ ಆಸುಪಾಸು. ಹಳೆ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬಹುದು. ಅದು ಬಂದರೆ ಯಾರಿಗೆ ಸೇರಬೇಕು, ಮಾರಿದವರಿಗೋ ಕೊಂಡವರಿಗೋ ಎಂಬುದನ್ನು ಸೌದಾ ಮುಗಿಸುವಾಗಲೇ ಬರೆದಿಟ್ಟುಕೊಳ್ಳಬೇಕು. ಬರುತ್ತದೆ ಎಂದು ನಂಬಿ ಅದನ್ನು ಬೆಲೆಯಲ್ಲಿ ಕಳೆಯಬಾರದು.

ಕಾಗದದ ಹಾದಿ ಉದ್ದವೇ. ಹೈದರಾಬಾದಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಮಾರಾಟಕ್ಕೆ ಫಾರ್ಮ್ 29 ಮತ್ತು 30, ಹೊಸ ನಂಬರಿಗೆ ಫಾರ್ಮ್ 27, ಸಾಲವಿದ್ದರೆ ಬ್ಯಾಂಕಿನವರು ಸಹಿ ಮಾಡಿದ ಫಾರ್ಮ್ 35. ಆಮೇಲೆ ಗಾಡಿಯನ್ನು ಕಚೇರಿಗೆ ಒಯ್ದು ಚಾಸಿ ನಂಬರ್ ತೋರಿಸಬೇಕು. ಔರಾದ್ ಕಡೆಯ ಗೆಳೆಯರು, ‘ಇಷ್ಟೆಲ್ಲ ಯಾಕ್ರಿ? ಹಂಗೇ ಓಡಸ್ರಿ, ಯಾರ್ ಕೇಳ್ತಾರ?’ ಎಂದಿದ್ದರು. ಅವರ ಮಾತಿಗೂ ಒಂದು ನೆಲೆ ಇದೆ. ಉದಗೀರ್, ದೇಗಲೂರಿನಲ್ಲಿ ಬೀಗರು, ಜಹೀರಾಬಾದಿನಲ್ಲಿ ವ್ಯವಹಾರ, ಹೈದರಾಬಾದಿನಲ್ಲಿ ಮಕ್ಕಳ ನೌಕರಿ. ಎಂಎಚ್, ಟಿಎಸ್ ಪ್ಲೇಟಿನ ಗಾಡಿಗಳು ನಮ್ಮಲ್ಲಿ ಯಾರ ಕಣ್ಣಿಗೂ ಹೊಸತಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಸ್ಪಷ್ಟವಾಗಿದೆ: ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿನ ನಂಬರ್ ಪಡೆಯಲೇಬೇಕು.

2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಎಲ್ಲರಿಗೂ ನೆನಪಿರಬಹುದು. ಮಹಾರಾಷ್ಟ್ರದ ನಂಬರಿನ ಕೆಂಪು ಫೆರಾರಿ ಎಸ್‌ಎಫ್ 90 ಸ್ಟ್ರಾಡಾಲೆ ಅಲ್ಲಿ ಓಡಾಡುತ್ತಿತ್ತು. ಸಾರಿಗೆ ಅಧಿಕಾರಿಗಳು ಹಿಡಿದು ದಂಡ ಸಮೇತ ತೆರಿಗೆ ಕಟ್ಟಿಸಿದರು. ಮೊತ್ತ 1,41,59,041 ರೂಪಾಯಿ. ಆ ಒಂದು ತೆರಿಗೆಯಲ್ಲಿ ನನ್ನ ಚೇಳಿನ ಗಾಡಿಯಂಥವು ಸಾಲು ಸಾಲು ಬರುತ್ತವೆ. ಆ ಮಾಲೀಕರ ಪಾಡಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ಮಾರಲು ಹೊರಟ ದಿನವೂ ಈ ತೆರಿಗೆ ನಿಮ್ಮನ್ನೇ ಹಿಡಿಯುತ್ತದೆ. ಕೊಳ್ಳಲು ಬಂದವನು ಮೊದಲು ನೋಡುವುದು ಪ್ಲೇಟು. ಕಟ್ಟದ ತೆರಿಗೆಯನ್ನು ಅವನು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ, ತನ್ನ ಅಲೆದಾಟಕ್ಕೆಂದು ಇನ್ನಷ್ಟು ಮುರಿಯುತ್ತಾನೆ.

ಗಾಡಿ ನನ್ನ ಬಳಿ ಕೆಲವು ವರ್ಷ ಇತ್ತು. ಹುಮನಾಬಾದ್ ರಸ್ತೆಯಲ್ಲಿ ಬೆಳಗಿನ ಹೊತ್ತು ಅದನ್ನು ಓಡಿಸಿದ ಸುಖವನ್ನು ಲೆಕ್ಕದ ಪುಸ್ತಕದಲ್ಲಿ ಹಿಡಿಸಲಾರೆ, ಹಿಡಿಸಬೇಕೆಂಬ ಆಸೆಯೂ ಇಲ್ಲ. ನೆಲಕ್ಕೆ ತಗ್ಗಾದ ಗಾಡಿ, ಭಾಲ್ಕಿ ತಾಲ್ಲೂಕಿನ ಹಳ್ಳಿರಸ್ತೆಯ ಉಬ್ಬುಗಳಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಬೇಕು. ಮಳೆಗಾಲದಲ್ಲಿ ಔರಾದ್ ಕಡೆಯ ಎರೆಮಣ್ಣಿನ ದಾರಿಗೆ ಅದನ್ನು ಇಳಿಸುವ ಮಾತೇ ಇರಲಿಲ್ಲ. ಅದಕ್ಕೆ ಮನೆಯಲ್ಲಿ ದುಡಿಯುವ ಗಾಡಿ ಬೇರೆ ಇತ್ತು.

ಮಾರುವ ಕಾಲ ಬಂದಾಗ ಮೊದಲು ಇಲ್ಲೇ ಕೇಳಿದೆ. ಭಾಲ್ಕಿಯ ಆ ವ್ಯಾಪಾರಿ ಸುತ್ತ ತಿರುಗಿ ನೋಡಿ, ‘ಗಾಡಿ ಛಲೋ ಅದ. ಎರಡೂವರೆಕ್ಕ ಬಿಡ್ತೀರಿ ಅಂದ್ರ ಈಗ ರೊಕ್ಕ ಎಣಸ್ತೀನಿ’ ಎಂದರು. ಅವರು ನನ್ನನ್ನು ಸುಲಿಯುತ್ತಿರಲಿಲ್ಲ. ಅದನ್ನು ಕೊಂಡರೆ ಅವರ ಅಂಗಳದಲ್ಲಿ ಎಷ್ಟು ತಿಂಗಳು ನಿಲ್ಲುತ್ತದೋ ಅವರಿಗೇ ಗೊತ್ತಿಲ್ಲ. ನಿಂತ ಗಾಡಿಯಲ್ಲಿ ಸಿಕ್ಕಿಕೊಂಡ ರೊಕ್ಕಕ್ಕೆ ಬಡ್ಡಿ ಓಡುತ್ತಿರುತ್ತದೆ. ಔರಾದಿನ ಒಬ್ಬ ರೈತ ಯುವಕ ಸೋಯಾ ಮಾರಿದ ರೊಕ್ಕ ಇಟ್ಟುಕೊಂಡು ಬಂದಿದ್ದ. ಓಡಿಸಿ ನೋಡಿದ, ಮುಖ ಅರಳಿತು. ಉಳಿದ ಹಣಕ್ಕೆ ಸಾಲ ಕೇಳಲು ಹೋದಾಗ ಬಂದ್ ಆದ ಮಾಡೆಲ್‌ಗೆ ಸಾಲ ಕೊಡುವುದಿಲ್ಲ ಎಂದರಂತೆ. ವಿಮೆಯ ಬಗ್ಗೆಯೂ ಅವನಿಗೆ ಹೇಳಿದೆ. ವಿಮೆಯವರು ಗಾಡಿಯ ಮೌಲ್ಯವನ್ನು ಮೊದಲ ಆರು ತಿಂಗಳಿಗೆ ಶೇ 5, ಒಂದು ವರ್ಷಕ್ಕೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಎಂದು ಇಳಿಸುತ್ತಾರೆ. ಐದು ವರ್ಷ ದಾಟಿದ ಮೇಲೆ, ಮಾಡೆಲ್ ಬಂದ್ ಆದ ಮೇಲೆ, ಮೌಲ್ಯ ಎಷ್ಟು ಎಂಬುದು ನಿಮ್ಮಿಬ್ಬರ ಒಪ್ಪಂದಕ್ಕೆ ಬಿಟ್ಟದ್ದು. ಪೂರಾ ಜಖಂ ಆದರೆ ಕೈಗೆ ಬರುವುದು ಆ ಒಪ್ಪಿದ ಅಂಕಿ ಮಾತ್ರ. ಅವನು ಸ್ವಿಫ್ಟ್ ಕೊಂಡ. ಒಂದೇ ಗಾಡಿ ಇಟ್ಟುಕೊಳ್ಳಬೇಕಾದವನಿಗೆ ಅದೇ ಸರಿ, ಅವನ ನಿರ್ಧಾರಕ್ಕೆ ನನ್ನ ಪೂರ್ಣ ಒಪ್ಪಿಗೆ.

ಕೊನೆಗೆ ಗಾಡಿ ಹೋದದ್ದು ಬೆಂಗಳೂರಿಗೆ. ಫಿಯಟ್ ಇಟ್ಟುಕೊಂಡವರ ಬಳಗ ಅಲ್ಲಿದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕೊಂಡವರು ರಾತ್ರಿ ರೈಲಿನಲ್ಲಿ ಬಂದು, ಬಿಲ್ಲುಗಳನ್ನು ಒಂದೊಂದಾಗಿ ಓದಿ, ಗಾಡಿಯನ್ನು ಓಡಿಸಿಕೊಂಡೇ ಹೋದರು. ನಾಲ್ಕೂ ಮುಕ್ಕಾಲು ಲಕ್ಷ. ಭಾಲ್ಕಿಯ ಬೆಲೆಗೂ ಇದಕ್ಕೂ ಎರಡು ಲಕ್ಷಕ್ಕಿಂತ ಹೆಚ್ಚಿನ ಅಂತರ. ಪ್ಲೇಟು ಕೆಎ ಆಗಿದ್ದರಿಂದ ಅವರಿಗೆ ಮತ್ತೆ ತೆರಿಗೆ ಕಟ್ಟುವ ಪ್ರಶ್ನೆ ಬರಲಿಲ್ಲ, ಚೌಕಾಸಿಯೂ ಹೆಚ್ಚು ನಡೆಯಲಿಲ್ಲ. ನಾಲ್ಕು ಲಕ್ಷ ಬೆಲೆ, ಒಂದು ಲಕ್ಷ ತೆರಿಗೆ, ಟೈರು-ಬೆಲ್ಟಿಗೆ ಅರವತ್ತು ಸಾವಿರ; ಒಟ್ಟು ಐದು ಲಕ್ಷ ಅರವತ್ತು ಸಾವಿರ. ಕರಗಿದ್ದು ಎಂಬತ್ತೈದು ಸಾವಿರ, ಪೆಟ್ರೋಲು ಮತ್ತು ವಿಮೆ ಬೇರೆ. ಹತ್ತು ಲಕ್ಷದ ಹೊಸ ಕಾರು ವಿಮೆಯ ಲೆಕ್ಕದಲ್ಲೇ ಐದು ವರ್ಷಕ್ಕೆ ಐದು ಲಕ್ಷ ಕಳೆದುಕೊಳ್ಳುತ್ತದೆ. ಆ ಪೂರಾ ಇಳಿತವನ್ನು ಹೈದರಾಬಾದಿನ ಮೊದಲ ಮಾಲೀಕರು ಹೊತ್ತಿದ್ದರು. ಇಟಲಿಯ ಗಾಡಿಯನ್ನು ಹಳತಾಗಿಯೇ ಕೊಳ್ಳಬೇಕು ಎನ್ನುವುದು ಇದಕ್ಕೆ.

ಅಪರೂಪದ ಗಾಡಿ ಬೆಲೆ ಏರಿಸಿಕೊಳ್ಳುತ್ತದೆ ಎಂದು ಹುಡುಗರು ಹೇಳುತ್ತಾರೆ, ಫೆರಾರಿಯ ಉದಾಹರಣೆ ಕೊಡುತ್ತಾರೆ. ನಿಜ, 36 ಮಾತ್ರ ತಯಾರಾದ 250 ಜಿಟಿಒಗಳಲ್ಲಿ ಒಂದು 2018ರಲ್ಲಿ ಅಮೆರಿಕದ ಮಾಂಟೆರಿ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಆದರೆ ಆ 36ನ್ನು ಬಯಸುವ ಸಿರಿವಂತರು ಜಗತ್ತಿನ ತುಂಬ ಇದ್ದಾರೆ. ಸಚಿನ್ ತೆಂಡೂಲ್ಕರ್ ಅವರಿಗೆ 2002ರಲ್ಲಿ ಮೈಕೆಲ್ ಶುಮಾಕರ್ ಕೈಯಿಂದ ಬಂದ ಫೆರಾರಿ 360 ಮೊಡೆನಾವನ್ನು 2011ರಲ್ಲಿ ಸೂರತ್‌ನ ಉದ್ಯಮಿಯೊಬ್ಬರು ಕೊಂಡದ್ದೂ ಅದು ಯಾರ ಗಾಡಿ ಎಂಬ ಕಾರಣಕ್ಕೇ. ಔರಾದಿನಲ್ಲಿ ಒಂದೇ ಅಬಾರ್ತ್ ಇದ್ದರೆ ಅದು ಅಪರೂಪ, ಸರಿ. ಕೊಳ್ಳುವವರೂ ಅಪರೂಪವಾದಾಗ ಬೆಲೆ ಏರುವುದು ಎಲ್ಲಿಂದ? ಫಿಯಟ್‌ನದೇ ಹಳೆ ಪಾಲಿಯೊ 1.6ನ ಆಸೆ ಇರುವವರಿಗೂ ಇದೇ ಮಾತು. ಮೇಲಾಗಿ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000 ರೂಪಾಯಿ ಆಗಿದೆ.

ಇನ್ನೊಂದು ಗಾಳಿ ಬೀಸಿದ್ದು 2025ರ ಸೆಪ್ಟೆಂಬರ್ 22ರಂದು. ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯನ್ನೂ ಎಳೆದುಕೊಂಡೇ ಇಳಿಯುತ್ತದೆ. ಅದಕ್ಕೂ ಹಿಂದಿನ ಭಾವ ಹಿಡಿದು ಕೂತ ಮಾರಾಟಗಾರರ ಜೊತೆ ನೀವು ಧೈರ್ಯವಾಗಿ ಮಾತಾಡಬಹುದು.

ಮಾರುವಾಗ ನಾನು ಎರಡು ಕೆಲಸ ತಪ್ಪದೆ ಮಾಡಿದೆ. ವಿಮೆಯ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮಾಲೀಕನದು. ಶೇ 50ರವರೆಗೆ ಏರುವ ಆ ರಿಯಾಯಿತಿಯ ಪತ್ರ ಬರೆಸಿಕೊಂಡು ಮುಂದಿನ ಗಾಡಿಗೆ ಬಳಸಿದೆ. ಎರಡನೆಯದು ಇದಕ್ಕಿಂತ ದೊಡ್ಡದು. ಆರ್‌ಸಿ ಕೊಂಡವರ ಹೆಸರಿಗೆ ಹೋಗುವವರೆಗೂ ಬೆನ್ನು ಬಿಡಲಿಲ್ಲ. ನಮ್ಮ ಕಡೆ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಬಾಂಡ್ ಪೇಪರಿನಲ್ಲಿ ನಾಲ್ಕು ಸಾಲು ಬರೆದು ಗಾಡಿ ಕೊಟ್ಟುಬಿಡುವ ರೂಢಿ ಬಲವಾಗಿದೆ. ಔರಾದಿನ ನನ್ನ ಪರಿಚಯದ ಒಬ್ಬರು ಹಾಗೆ ಗಡಿ ಆಚೆಗೆ ಜೀಪು ಮಾರಿದ್ದರು. ಅದು ಯಾರನ್ನೋ ಗುದ್ದಿದಾಗ ಕೋರ್ಟಿನ ನೋಟಿಸ್ ಬಂದದ್ದು ಇವರ ಮನೆಗೆ. ಕಾನೂನು ಅವರ ಕಡೆ ಇರಲಿಲ್ಲ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಗಾಡಿ ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರ ಕೊಡಬೇಕಾದವರು ಅವರೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ವ್ಯಾಪಾರಿಗೆ ಗಾಡಿ ಒಪ್ಪಿಸುವವರಿಗೆ 2023ರ ಏಪ್ರಿಲ್ 1ರಿಂದ ಒಂದು ರಕ್ಷಣೆ ಬಂದಿದೆ: ಆರ್‌ಟಿಒ ಅಧಿಕಾರಪತ್ರ ಇರುವ ಡೀಲರ್‌ಗೆ ಕೊಟ್ಟು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಿದರೆ, ಮುಂದೆ ಮಾರಾಟ ಆಗುವವರೆಗೂ ಹೊಣೆ ಡೀಲರ್‌ನದು. ಅಧಿಕಾರಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಅಬಾರ್ತ್ ಇರಲಿ, ಆಲ್ಟೊ ಇರಲಿ, ನೀವು ಹಿಂದೆ ಮಾರಿದ ಗಾಡಿಯ ನಂಬರನ್ನು ಇವತ್ತೇ ಪರಿವಹನ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಇನ್ನೂ ನಿಮ್ಮ ಹೆಸರೇ ತೋರಿಸಿದರೆ, ಕೊಂಡವರನ್ನು ಕರೆದುಕೊಂಡು ನಾಳೆ ಬೆಳಿಗ್ಗೆಯೇ ಬೀದರ್ ಅಥವಾ ಭಾಲ್ಕಿಯ ಆರ್‌ಟಿಒ ಕಚೇರಿಗೆ ಹೋಗಿ.