ಎಣ್ಣೆ ತಿನ್ನುವ ಮಣ್ಣಿನ ಜೀವಿಗಳು



ಟಿಲ್ಲರ್, ಪಂಪ್‌ಸೆಟ್, ಬೈಕುಗಳಿಂದ ತೆಗೆದ ಕರಿ ಆಯಿಲ್ ನಮ್ಮ ಊರುಗಳಲ್ಲಿ ಎಲ್ಲಿಗೆ ಹೋಗ್ತದೆ? ಸ್ವಲ್ಪವನ್ನು ಗೆದ್ದಲು ಹಿಡಿಯದ ಹಾಗೆ ಬೇಲಿಯ ಗೂಟಕ್ಕೆ ಬಳಿಯುತ್ತಾರೆ. ಉಳಿದದ್ದು ತೋಡಿಗೆ, ಇಲ್ಲವೇ ತೆಂಗಿನ ಬುಡದ ಪಕ್ಕಕ್ಕೆ. "ಮಣ್ಣು ಎಲ್ಲವನ್ನೂ ತಿಂದುಬಿಡ್ತದೆ ಮಾರಾಯ್ತಿ" ಅನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ತಿಳಿಯದಿದ್ದರೆ ಹಾಳಾಗುವುದು ನಮ್ಮದೇ ಬಾವಿ.

ತಿನ್ನುವುದು ಮಣ್ಣಲ್ಲ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಒಂದು ಚಮಚ ಮಣ್ಣಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಇವೆಲ್ಲ ಮುಖ್ಯವಾಗಿ ಇಂಗಾಲ ಮತ್ತು ಜಲಜನಕ ಸೇರಿ ಆದವು. ಇವಕ್ಕೆ ಹೈಡ್ರೋಕಾರ್ಬನ್ ಎಂದು ಹೆಸರು. ಸ್ಯೂಡೋಮೊನಾಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕ ಬಳಸಿ ಇವನ್ನು ತುಂಡು ಮಾಡಿ ಆಹಾರ ಮಾಡಿಕೊಳ್ಳುತ್ತವೆ.

ಗೊಬ್ಬರದ ಗುಂಡಿ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗ್ತದೆ. ಬರೀ ಒಣ ತರಗೆಲೆ ರಾಶಿ ಹಾಕಿದರೆ ಬೇಗ ಕೊಳೆಯುವುದಿಲ್ಲ. ಸಗಣಿ ನೀರು ಬೇಕು, ಆಗಾಗ ಮಗುಚಬೇಕು, ಅಲ್ವಾ? ಎಣ್ಣೆಯಲ್ಲೂ ಇಂಗಾಲ ಬೇಕಾದಷ್ಟಿದೆ, ಆದರೆ ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ.

1989ರ ಮಾರ್ಚ್‌ನಲ್ಲಿ ಅಮೆರಿಕದ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಸಮುದ್ರಕ್ಕೆ ಸೋರಿತು. ದಡದ ಕಲ್ಲುಗಳನ್ನು ಬಿಸಿನೀರು ಹೊಡೆದು ತೊಳೆದರು. ಅದರಿಂದ ದಡದ ಸಣ್ಣ ಜೀವಿಗಳೂ ಸತ್ತವು. ಕೆಲವು ಕಡೆ ಗೊಬ್ಬರ ಸಿಂಪಡಿಸಿದರು. ಹೊರಗಿಂದ ಬ್ಯಾಕ್ಟೀರಿಯಾ ತರಲಿಲ್ಲ, ಅಲ್ಲೇ ಇದ್ದವಕ್ಕೆ ಸಾರಜನಕ, ರಂಜಕ ಕೊಟ್ಟರು ಅಷ್ಟೆ. ಅಲ್ಲಿ ಎಣ್ಣೆ ಬೇಗ ಕರಗಿತು. ಆದರೆ ಗಾಳಿಯಾಡದ ಕಲ್ಲಿನಡಿಯಲ್ಲಿ ಎಷ್ಟೋ ವರ್ಷಗಳ ನಂತರವೂ ಎಣ್ಣೆ ಹಾಗೇ ಸಿಕ್ಕಿತು. ನಮ್ಮ ದೇಶದಲ್ಲೂ ದೆಹಲಿಯ ಟೆರಿ ಸಂಸ್ಥೆ 'ಆಯಿಲ್‌ಜ್ಯಾಪರ್' ಎಂಬ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ. ಅದು ತೈಲ ಕಂಪನಿಗಳ ಎಣ್ಣೆ ಕೆಸರಿಗೆ, ನಮ್ಮ ಅಂಗಳಕ್ಕಲ್ಲ.

ಅಂಗಳದಲ್ಲಿ ಸ್ವಲ್ಪ ಡೀಸೆಲ್ ಚೆಲ್ಲಿತು ಅಂತಿಟ್ಟುಕೊಳ್ಳಿ. ಬೆಂಕಿ, ಬೀಡಿ ಹತ್ತಿರ ಬರಬಾರದು. ನೀರು ಹಾಕಿ ತೊಳೆಯಬೇಡಿ, ತೊಳೆದರೆ ಅದು ಬಾವಿಯ ಕಡೆಗೇ ಹೋದೀತು. ಮರದ ಹುಡಿಯಿಂದ ಹೀರಿಸಿ. ನೆನೆದ ಮಣ್ಣನ್ನು ಅಗೆದು ಬಾವಿಯಿಂದ ದೂರ, ಮಳೆ ಬೀಳದ ಕಡೆ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ರಾಶಿ ಹಾಕಿ. ಹಳೇ ಸಗಣಿ ಗೊಬ್ಬರ ಬೆರೆಸಿ, ಹಿಂಡಿದ ಬಟ್ಟೆಯಷ್ಟು ತೇವ ಇಟ್ಟು, ವಾರಕ್ಕೊಮ್ಮೆ ಮಗುಚಿ. ತಿಂಗಳುಗಳೇ ಬೇಕು. ವಾಸನೆ ಹೋದ ಮಾತ್ರಕ್ಕೆ ಶುದ್ಧವಾಯಿತು ಎಂದಲ್ಲ, ಹಗುರ ಭಾಗ ಗಾಳಿಗೆ ಹಾರಿರುತ್ತದೆ. ಆ ಮಣ್ಣಲ್ಲಿ ಬಸಳೆ, ಹರಿವೆ ಬೆಳೆಸಬೇಡಿ.

ಕರಿ ಆಯಿಲ್‌ಗೆ ಈ ಉಪಾಯ ಬೇಡವೇ ಬೇಡ. ಅದರಲ್ಲಿ ಸತುವಿನಂಥ ಲೋಹಗಳು, ಎಂಜಿನ್ ಸವೆದ ಕಣಗಳು ಇರುತ್ತವೆ. ಲೋಹವನ್ನು ಇಲ್ಲವಾಗಿಸಲು ಯಾವ ಬ್ಯಾಕ್ಟೀರಿಯಾಕ್ಕೂ ಆಗುವುದಿಲ್ಲ. ಒಲೆಗೂ ಹಾಕಬೇಡಿ, ಹೊಗೆ ವಿಷ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಘಟಕಕ್ಕೆ ಹಳೆ ಆಯಿಲ್ ಕಳಿಸುವ ಗ್ಯಾರೇಜಿಗೆ ಕೊಡಿ. ಒಬ್ಬೊಬ್ಬರ ಮನೆಯದ್ದು ಅರ್ಧ ಲೀಟರ್ ಇರಬಹುದು, ಸಂಘದಿಂದ ಒಟ್ಟು ಮಾಡಿದರೆ ಒಂದು ಕ್ಯಾನ್ ಆಗ್ತದೆ.

ಬಾವಿ ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಕೋಲಿನಿಂದ ಕದಡಿ ನೋಡಿ. ಪೊರೆ ಚೂರು ಚೂರಾಗಿ ಹಾಗೇ ಉಳಿದರೆ ಹೆಚ್ಚಾಗಿ ಅದು ಕಬ್ಬಿಣದ ಅಂಶದಿಂದ ಬಂದದ್ದು. ಪುನಃ ಕೂಡಿಕೊಂಡರೆ ಎಣ್ಣೆ ಇರಬಹುದು. ಸೀಮೆಎಣ್ಣೆ ವಾಸನೆಯೂ ಇದ್ದರೆ ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೂ ಸರಿಹೋಗುವುದಿಲ್ಲ. ಪಂಚಾಯತಿಗೆ ತಿಳಿಸಿ ನೀರಿನ ಪರೀಕ್ಷೆ ಮಾಡಿಸಿ.