ತಪ್ಪು ಚೀಟಿಯ ಸೀಸೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಹಸುವಿನ ಗಬ್ಬದ ವಿಷಯ ಬರೆಯಹೊರಟರೆ ವಿಜ್ಞಾನದ ಮಿತ್ರರು ನಕ್ಕಾರು. ಆದರೆ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಹಾಲಿನ ಹಣದಿಂದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಈ ಮೆಟ್ಟಿಲು ಹತ್ತಿದವರಿಲ್ಲ. ಬೆದೆಗೆ ಬಂದ ಹಸುವಿಗೆ ಗಬ್ಬ ನಿಲ್ಲದಿದ್ದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಎರಡು ಮೂರು ಸಲ ಹಾಗಾದರೆ ಪರೀಕ್ಷೆಯ ಶುಲ್ಕಕ್ಕೆ ಸಾಲವೇ ಗತಿ. ಆದ್ದರಿಂದ ಕ್ರಿಸ್ಟೋಫರ್ ಪೋಲ್ಜ್ ಎಂಬ ಆಂಗ್ಲ ವಿಜ್ಞಾನಿಯ ಕೆಲಸ ನನಗೆ ದೂರದ ಸಂಗತಿಯಾಗಿ ತೋರಲಿಲ್ಲ.

ಕೃತಕ ಗರ್ಭಧಾರಣೆ ಪೋಲ್ಜರಿಗಿಂತ ಹಳೆಯದು. ಭಾರತದಲ್ಲಿ ಅದು ಮೊದಲು ನಡೆದದ್ದು ನಮ್ಮ ಮೈಸೂರಿನಲ್ಲಿಯೇ. ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು 1939ರಲ್ಲಿ ಹಳ್ಳಿಕಾರ್ ಹಸುಗಳ ಮೇಲೆ ಅದನ್ನು ಪ್ರಯೋಗಿಸಿದರು. ತೊಡಕೊಂದೇ: ಹೋರಿಯ ವೀರ್ಯವನ್ನು ತಣ್ಣಗಿಟ್ಟರೂ ಅದು ಬಾಳುವುದು ಕೆಲವೇ ದಿನ. ಹೆಪ್ಪುಗಟ್ಟಿಸಿದರೆ ವೀರ್ಯಾಣುಗಳು ಸಾಯುತ್ತಿದ್ದವು. ಒಳ್ಳೆಯ ಹೋರಿ ಹತ್ತಿರವಿಲ್ಲದ ಊರಿಗೆ ಆ ವಿದ್ಯೆಯಿಂದ ಹೆಚ್ಚೇನೂ ಲಾಭವಿರಲಿಲ್ಲ.

1926ರಲ್ಲಿ ಜನಿಸಿದ ಪೋಲ್ಜ್ ರೈತನ ಮಗ. ರೆಡಿಂಗ್‌ನಲ್ಲಿ ಕೃಷಿಶಾಸ್ತ್ರ ಓದಿದವರು. 1948ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾಲಯವನ್ನು ಸೇರಿ, ಆಲನ್ ಪಾರ್ಕ್ಸ್ ಮತ್ತು ಆಡ್ರಿ ಸ್ಮಿತ್ ಅವರೊಡನೆ ಹುಂಜದ ವೀರ್ಯವನ್ನು ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ನೋಡಿದರು. ಫಲವಿಲ್ಲ. ದ್ರಾವಣದ ಸೀಸೆಗಳು ಶೀತಕೋಣೆ ಸೇರಿದವು. ತಿಂಗಳುಗಳ ಅನಂತರ ಅದೇ ಸೀಸೆಯಿಂದ ಮತ್ತೆ ಪ್ರಯೋಗಿಸಲು, ಸೊನ್ನೆಗಿಂತ 79 ಡಿಗ್ರಿ ಕೆಳಗೆ ಇಟ್ಟ ವೀರ್ಯಾಣುಗಳು ಕರಗಿಸಿದೊಡನೆ ಈಜತೊಡಗಿದವು! ಹೊಸದಾಗಿ ಸಕ್ಕರೆ ಕಲಸಿ ನೋಡಿದರೆ ಪುನಃ ಸೋಲು. ಸೀಸೆಯಲ್ಲಿ ಉಳಿದಿದ್ದ ಸ್ವಲ್ಪ ದ್ರವವನ್ನು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಇದ್ದದ್ದು ಗ್ಲಿಸರಿನ್ನೂ ಮೊಟ್ಟೆಯ ಬಿಳಿಯ ಅಂಶವೂ. ಚೀಟಿ ಅದಲುಬದಲಾಗಿತ್ತು.

ಇದನ್ನು ಬರಿಯ ಅದೃಷ್ಟವೆನ್ನುವವರಿದ್ದಾರೆ. ನನಗೆ ಹಾಗೆನಿಸದು. ಗೆದ್ದ ಪ್ರಯೋಗವನ್ನು ಸಂಶಯದಿಂದ ನೋಡುವವರು ಎಷ್ಟು ಮಂದಿ? ಸೀಸೆಯ ತಳದ ದ್ರವವನ್ನು ಚೆಲ್ಲದೆ, ಇದರಲ್ಲಿರುವುದೇನು ಎಂದು ಅವರು ಕೇಳಿದ್ದರಿಂದಲೇ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬಂದಿತು.

ನೀರು ಹೆಪ್ಪುಗಟ್ಟುತ್ತ ಹೋದಂತೆ ಉಳಿದ ದ್ರವದಲ್ಲಿ ಉಪ್ಪು ಗಟ್ಟಿಯಾಗಿ ಜೀವಕೋಶವನ್ನು ಕೆಡಿಸುತ್ತದೆ. ಗ್ಲಿಸರಿನ್ ಮಂಜುಗಡ್ಡೆಯ ಪ್ರಮಾಣವನ್ನು ತಗ್ಗಿಸಿ ಆ ಕೇಡನ್ನು ತಡೆಯುತ್ತದೆ. ವಿಚಿತ್ರವೆಂದರೆ, ಹುಂಜದ ವೀರ್ಯವನ್ನು ಕಾಪಾಡುವ ಗ್ಲಿಸರಿನ್ನೇ ಕೋಳಿಯ ಒಳಗೆ ಗರ್ಭ ನಿಲ್ಲದಂತೆ ಮಾಡುತ್ತದೆ. ಅದನ್ನು ಮೊದಲು ತೆಗೆದುಹಾಕಬೇಕಾಯಿತು. ಹೋರಿಯ ವೀರ್ಯಕ್ಕೆ ಈ ಕಷ್ಟವಿರಲಿಲ್ಲ. 1951ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದಿಂದ ಇಂಗ್ಲೆಂಡಿನಲ್ಲಿ ಮೊದಲ ಕರು ಹುಟ್ಟಿತು.

ಮುಂದೆ ಒಣ ಮಂಜುಗಡ್ಡೆಯ ಸ್ಥಾನಕ್ಕೆ ದ್ರವ ಸಾರಜನಕ ಬಂದಿತು. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಇಂದು ನಮ್ಮ ಹಳ್ಳಿಗೆ ಪಶುವೈದ್ಯರು ತರುವ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿಯ ಹೊಗೆ ಏಳುತ್ತದೆ. ಹುಡುಗರು ಸುತ್ತ ನೆರೆಯುತ್ತಾರೆ. ನಮ್ಮವ್ವ ಇದನ್ನು ‘ಇಂಜೆಕ್ಷನ್’ ಎಂದೇ ಕರೆಯುವುದು. ಆ ಸಣ್ಣ ಕೊಳವೆಯಲ್ಲಿರುವುದು ಎಂದೋ ಸತ್ತ ಹೋರಿಯ ವೀರ್ಯವಾಗಿರಬಹುದು ಎಂದು ಹೇಳಿದಾಗ ಆಕೆ ನಂಬಲಿಲ್ಲ. ಒಂದೇ ಹೋರಿಯ ಸಂತತಿ ಎಲ್ಲೆಡೆ ಹಬ್ಬಿದರೆ ನಾಡತಳಿಗಳ ಗತಿಯೇನು ಎಂಬ ಚಿಂತೆಯೂ ಇದೆ. ಆದರೆ ಹಳ್ಳಿಕಾರ್ ತಳಿಯನ್ನು ಮುಂದಿನವರಿಗಾಗಿ ಕಾದಿಡಲೂ ಇದೇ ಸಾರಜನಕದ ಕ್ಯಾನು ಬೇಕು.

ಪೋಲ್ಜರು 1954ರಲ್ಲಿ ಕೇಂಬ್ರಿಜ್ ಸೇರಿದರು. ಅವರ ಶಿಷ್ಯ ಇಯಾನ್ ವಿಲ್ಮಟ್ ಹೆಪ್ಪುಗಟ್ಟಿಸಿದ ಭ್ರೂಣದಿಂದ 1973ರಲ್ಲಿ ‘ಫ್ರಾಸ್ಟಿ’ ಎಂಬ ಕರುವನ್ನು ಪಡೆದರು. 1996ರಲ್ಲಿ ‘ಡಾಲಿ’ ಕುರಿಯನ್ನು ಪಡೆದ ತಂಡದ ಮುಖ್ಯಸ್ಥರೂ ಇವರೇ. ಗುರುಗಳಿಗೆ 1992ರಲ್ಲಿ ಜಪಾನ್ ಪ್ರಶಸ್ತಿ ಸಂದಿತು, 2006ರಲ್ಲಿ ತೀರಿಕೊಂಡರು. ಕೇಂಬ್ರಿಜ್‌ನಲ್ಲಿ ಅವರು ಹಂದಿಯ ಮೇಲೆ ಬಹಳ ವರ್ಷ ದುಡಿದರು. ಹಂದಿಯ ವೀರ್ಯ ಮಾತ್ರ ಗ್ಲಿಸರಿನ್ನಿಗೆ ಸುಲಭವಾಗಿ ಒಗ್ಗಲಿಲ್ಲ. ಇಂದಿಗೂ ಹಂದಿ ಸಾಕುವವರು ಹೆಚ್ಚಾಗಿ ಬಳಸುವುದು ಹೆಪ್ಪುಗಟ್ಟಿಸದ ವೀರ್ಯವನ್ನೇ.